ವಿಂಡೋಸ್ 10 ಮುಗೀತು ಅಂತ ಲ್ಯಾಪ್‌ಟಾಪ್ ಗುಜರಿಗೆ ಹಾಕ್ಬೇಡಿ

"ವಿಂಡೋಸ್ 10 ಬಂದ್ ಆಯ್ತು, ಹಳೇ ಲ್ಯಾಪ್‌ಟಾಪ್ ಇನ್ಮೇಲೆ ಆನ್ ಆಗಲ್ಲ, ಲಿನಕ್ಸ್ ಹಾಕಿದ್ರೆ ಫೈಲೆಲ್ಲಾ ಹೋಗುತ್ತೆ, ಕನ್ನಡನೂ ಬರಲ್ಲ" ಅಂತ ಒಂದು ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡ್ತಿದೆ, ಅರ್ಧಂಬರ್ಧ ನಿಜ ಅಷ್ಟೇ. 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಸಪೋರ್ಟು, ಲ್ಯಾಪ್‌ಟಾಪ್ ಆನ್ ಆಗೇ ಆಗುತ್ತೆ, ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ಇಲ್ದೆ ಅದ್ರಲ್ಲಿ ಬ್ಯಾಂಕ್ ವ್ಯವಹಾರ ಮಾಡೋದು ರಿಸ್ಕು.

ಫೈಲ್ ವಿಷಯ ಸ್ವಲ್ಪ ಸರಿಯಾಗಿ ನೋಡಿ. ಲಿನಕ್ಸ್ ಅಂದ್ರೆ ವಿಂಡೋಸ್ ಬದಲು ಹಾಕ್ಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್, ಅದ್ರಲ್ಲೊಂದು ಬಗೆ ಲಿನಕ್ಸ್ ಮಿಂಟ್. ಅದನ್ನ ಪೆನ್‌ಡ್ರೈವ್‌ಗೆ ಹಾಕಿ, ಆ ಪೆನ್‌ಡ್ರೈವ್‌ನಿಂದ್ಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ ನೋಡ್ಬಹುದು, ನೀವು ಇನ್‌ಸ್ಟಾಲ್ ಒತ್ತೋವರೆಗೂ ಹಾರ್ಡ್ ಡಿಸ್ಕ್ ಮುಟ್ಟಲ್ಲ, ಸ್ವಲ್ಪ ನಿಧಾನ ಇರುತ್ತೆ ಅಷ್ಟೇ, ವೈಫೈ ಸೌಂಡು ಎಲ್ಲಾ ಅಲ್ಲೇ ಚೆಕ್ ಮಾಡ್ಕೊಳ್ಳಿ. (ಪೆನ್‌ಡ್ರೈವ್‌ನಲ್ಲಿರೋ ಮದುವೆ ಫೋಟೋ ಮಾತ್ರ ಅಳಿಸಿಹೋಗುತ್ತೆ, ಖಾಲಿ ಇರೋದೇ ತಗೊಳ್ಳಿ.) ಇನ್‌ಸ್ಟಾಲ್ ಮಾಡುವಾಗ 'ಎರೇಸ್ ಡಿಸ್ಕ್' ಆರಿಸಿದ್ರೆ ಎಲ್ಲಾ ಹೋಗುತ್ತೆ, 'ಇನ್‌ಸ್ಟಾಲ್ ಅಲಾಂಗ್‌ಸೈಡ್' ಆರಿಸಿದ್ರೆ ವಿಂಡೋಸ್ ಪಕ್ಕದಲ್ಲೇ ಕೂರುತ್ತೆ, ಯಾವುದೇ ಆದ್ರೂ ಬ್ಯಾಕಪ್ ಮೊದ್ಲು, ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀನೂ ಬರೆದಿಟ್ಕೊಳ್ಳಿ.

ಕನ್ನಡ ಬರಲ್ಲ ಅನ್ನೋದಂತೂ ಶುದ್ಧ ಸುಳ್ಳು. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡೋಕಿರೋ ಐಬಸ್ ಜೊತೆ ಎಂ17ಎನ್ ಅನ್ನೋ ಕೀಬೋರ್ಡ್ ಲೇಔಟ್‌ಗಳ ಕಂತೆ ಹಾಕ್ಕೊಂಡ್ರೆ ಕೆಜಿಪಿ ಅನ್ನೋ ಕನ್ನಡ ಲೇಔಟ್ ಸಿಗುತ್ತೆ, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡ್ತಿದ್ದೋರ ಕೈಗೆ ಅದೇ ಅಭ್ಯಾಸ ಇರುತ್ತೆ. ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗೋ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫೈಲ್‌ಗಳು ಮಾತ್ರ ಆ ಫಾಂಟ್ ಇಲ್ದಿದ್ರೆ ಗೋಜಲಾಗಿ ಕಾಣುತ್ತೆ, ವಿಂಡೋಸ್ ಇರುವಾಗ್ಲೇ ಯೂನಿಕೋಡ್‌ಗೆ ಕನ್ವರ್ಟ್ ಮಾಡಿಟ್ಕೊಳ್ಳಿ. ಟ್ಯಾಲಿ ಇರೋದು ವಿಂಡೋಸ್‌ಗೆ, ಅದರ ಮೇಲೇ ಅಂಗಡಿ ಲೆಕ್ಕ ನಡೀತಿದ್ರೆ ಸದ್ಯ ವಿಂಡೋಸ್ ತೆಗೀಬೇಡಿ.