ಮಾರ್ಚ್ ಬಂತು, ಫಲಾನುಭವಿಗಳು ಬೇಕಾಗಿದ್ದಾರೆ

ಕೋಲಾರದ ಕಡೆಯ ಹಳ್ಳಿಗಳಲ್ಲಿ ಯುಗಾದಿಯ ಆಸುಪಾಸಿಗೆ ಇನ್ನೊಂದು ಹಬ್ಬ ಬರುತ್ತದೆ. ಅದು ಪಂಚಾಂಗದಲ್ಲಿಲ್ಲ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಕಂಡ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಅನ್ನುವುದು ಇದನ್ನೇ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರೊಳಗೆ ಮಾಡದಿದ್ದರೆ ಉಳಿದ ದುಡ್ಡು ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ. ಪ್ರಧಾನ ಮಂತ್ರಿ ಪರಿಹಾರ ನಿಧಿಗೆ ರಿಬ್ಬನ್ ಕಟ್ಟಿ ಕತ್ತರಿಸಲು ಬರುವುದಿಲ್ಲವಲ್ಲ! ಹಾಗಾಗಿ ಫೆಬ್ರವರಿ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಕಾರುಗಳು ಹೊರಡುತ್ತವೆ.

ಕಾರ್ಖಾನೆಯ ಸುತ್ತಮುತ್ತಲ ಊರುಗಳಿಗೆ ಆದ್ಯತೆ ಕೊಡಿ ಅನ್ನುತ್ತದೆ ಕಾನೂನು. ಸುತ್ತಮುತ್ತ ಅಂದರೆ ಎಷ್ಟು ದೂರ ಎಂಬುದನ್ನು ನಿರ್ದೇಶಕರು ಮಧ್ಯಾಹ್ನದ ಊಟಕ್ಕೆ ಎಷ್ಟೊತ್ತಿಗೆ ವಾಪಸಾಗಬೇಕು ಎಂಬುದರ ಮೇಲೆ ಲೆಕ್ಕ ಹಾಕುವುದು ರೂಢಿ. ಹೆದ್ದಾರಿ ಪಕ್ಕದ ಊರಿನವರು ಪುಣ್ಯವಂತರು. ಅಲ್ಲಿನ ಶಾಲೆಯ ಗೋಡೆಗೆ ನಾಲ್ಕು ಕಂಪನಿಗಳು ನಾಲ್ಕು ಬಣ್ಣ ಬಳಿದಿವೆ. ಒಳಗಿನ ಊರಿನ ಶಾಲೆಗೆ ಇನ್ನೂ ಗೋಡೆಯೇ ಸರಿಯಿಲ್ಲ, ಬಣ್ಣ ಎಲ್ಲಿಗೆ ಬಳಿಯುತ್ತಾರೆ ಪಾಪ.

ಅಂಥದೊಂದು ಪುಣ್ಯದ ಊರಿನಲ್ಲಿ ಸಭೆ ಸೇರಿತು. ರೈತರು ಬಾಯಿ ಬಿಟ್ಟು ಕೇಳಿದರು: ‘ಸಾರ್, ಟೊಮೆಟೊ ರೇಟು ಬಿದ್ದಾಗ ನಾಲ್ಕು ದಿನ ಇಟ್ಕೊಳ್ಳೋಕೆ ಒಂದು ಕೋಲ್ಡ್ ಸ್ಟೋರೇಜ್ ಆದ್ರೆ...’

‘ಈ ವರ್ಷ ನಮ್ಮ ಥೀಮ್ ನೀರು’ ಅಂದರು ಕಂಪನಿಯವರು.

‘ಹಂಗಾದ್ರೆ ಕೆರೆ ಕಾಲುವೆ ಹೂಳು ತೆಗೆಸಿ.’

‘31ರೊಳಗೆ ಆಗಲ್ಲ.’

ಆಗುವುದು ಒಂದೇ: ಶುದ್ಧ ಕುಡಿಯುವ ನೀರಿನ ಘಟಕ. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ಸೀಮೆಗೆ ಬೇಕಾದ್ದೇ ಅದು, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಆ ಊರಲ್ಲಿ ಆಗಲೇ ಒಂದಿತ್ತು. ಇನ್ನೊಂದು ಕಂಪನಿ ಕೊಟ್ಟಿದ್ದು, ನೀರು ಸೋಸುವ ಮೆಂಬ್ರೇನ್ ಹೋಗಿ ಕೆಟ್ಟು ನಿಂತಿತ್ತು. ಹೊಸದು ಅದರ ಪಕ್ಕಕ್ಕೇ ಎದ್ದಿತು, ಅದೇ ಬೋರ್‌ವೆಲ್ಲಿಗೆ ಪೈಪು ಕೊಟ್ಟರು.

ಉದ್ಘಾಟನೆಯ ದಿನ ಶಾಮಿಯಾನ, ಕಳಶ ಹೊತ್ತ ಹೆಂಗಸರು, ತಲೆ ಮೇಲೆ ಡ್ರೋನ್. ಒಬ್ಬ ಅಜ್ಜಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಬೇಕು, ಸೊಂಟಕ್ಕೇರಿಸಿಕೊಂಡು ನಗಬೇಕು. ಮೊದಲ ಸಲ ಬಿಸಿಲು ಕಣ್ಣಿಗೆ ಹೊಡೆಯಿತು. ಎರಡನೇ ಸಲ ಕಂಪನಿಯ ಲಾಂಛನಕ್ಕೆ ಅಜ್ಜಿಯ ತಲೆ ಅಡ್ಡ ಬಂತು. ಮೂರನೇ ಸಲಕ್ಕೆ ನಗು ಬರಲಿಲ್ಲ. ಅಷ್ಟೂ ನೀರು ಮೋರಿಗೆ ಹೋಯಿತು, ನಾಣ್ಯಗಳು ಮಾತ್ರ ಅಜ್ಜಿಯವೇ. ಫಲಕವಂತೂ ಘಟಕದ ಬಾಗಿಲಿಗಿಂತ ಅಗಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಗೋತ್ರ ಎಲ್ಲ ಬರೆಸಿ ಬೆಳಕು ಬೀಳದ ಹಾಗೆ ಮಾಡುತ್ತಾರಲ್ಲ, ಥೇಟ್ ಹಾಗೆ.

ಅದೇ ವಾರ ಕೆರೆ ಏರಿ ಮೇಲೆ ಗಿಡ ನೆಡುವುದೂ ಆಯಿತು. ಮಾರ್ಚ್ ತಿಂಗಳ ಕೋಲಾರದ ಬಿಸಿಲಿನಲ್ಲಿ ಸಸಿ ಬದುಕುತ್ತದೆಯೇ ಅಂತ ಕೇಳಬಾರದು. 31ನೇ ತಾರೀಕಿನವರೆಗೆ ಬದುಕಿದರೆ ಸಾಕು, ಮಿಕ್ಕಿದ್ದು ಮುಂದಿನ ಹಣಕಾಸು ವರ್ಷಕ್ಕೆ ಸೇರಿದ್ದು.

ಘಟಕ ಪಂಚಾಯ್ತಿಗೆ ಹಸ್ತಾಂತರವಾಯಿತು. ಸಿಎಸ್ಆರ್ ದುಡ್ಡಿನ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು 2021ರಿಂದ ನಿಯಮವಿದೆ. ಒಳ್ಳೆಯ ನಿಯಮವೇ. ಆಸ್ತಿಯ ಜೊತೆಗೆ ಕರೆಂಟ್ ಬಿಲ್ಲು, ಫಿಲ್ಟರು, ಆಪರೇಟರ್ ಸಂಬಳವೂ ಪಂಚಾಯ್ತಿಯ ಹೆಗಲಿಗೆ ಬಿತ್ತು ಅಷ್ಟೆ. ಮುಂದಿನ ಬೇಸಿಗೆಗೆ ಹಳೆಯದಕ್ಕೆ ಜೊತೆ ಸಿಕ್ಕಿತು. ಎರಡೂ ಅಕ್ಕಪಕ್ಕ ಬೀಗ ಹಾಕಿಕೊಂಡು ಕೂತವು.

ಆಮೇಲೆ ಪರಿಣಾಮ ಮೌಲ್ಯಮಾಪನ. ಸಿಎಸ್ಆರ್ ಬಾಧ್ಯತೆ ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚಿರುವ ಕಂಪನಿ, 1 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗೆ ಹೊರಗಿನವರಿಂದ ಇದನ್ನು ಮಾಡಿಸಲೇಬೇಕು. ಇಂಥ ಹತ್ತಾರು ಘಟಕ ಸೇರಿದ ಯೋಜನೆ ಇದು, ಬಂದೇ ಬಂದರು. ಟ್ಯಾಬ್ ಹಿಡಿದ ಹುಡುಗ ಅದೇ ಅಜ್ಜಿಯನ್ನು ಕೇಳಿದ, ‘ಘಟಕ ಬಂದ ಮೇಲೆ ನಿಮ್ಮ ಜೀವನ ಬದಲಾಗಿದೆಯಾ?’

‘ಬದ್ಲಾಗದೆ ಇರ್ತದಾ? ಮೊದ್ಲು ನೀರಿಗೆ ನೇರ ಪಕ್ಕದೂರಿಗೆ ಓಗ್ತಿದ್ದೆ. ಈಗ ಇಲ್ಲಿಗ್ ಬಂದು ನೋಡ್ಕೊಂಡು, ಆಮೇಲ್ ಓಗ್ತೀನಿ.’

‘ಫಲಾನುಭವಿ ದಿನಾ ಘಟಕಕ್ಕೆ ಭೇಟಿ ನೀಡುತ್ತಾರೆ’ ಎಂದು ದಾಖಲಾಯಿತು.

ಈ ಫೆಬ್ರವರಿಯಲ್ಲಿ ಪಿಡಿಒ ಧೈರ್ಯ ಮಾಡಿ ಕಂಪನಿಯವರಿಗೆ ಫೋನು ಹಚ್ಚಿದರು: ‘ಸಾರ್, ಹೊಸದು ಬೇಡ, ಇರೋದನ್ನೇ ರಿಪೇರಿ ಮಾಡಿಸಿಕೊಡಿ.’

‘ರಿಪೇರಿಯನ್ನ ಉದ್ಘಾಟನೆ ಮಾಡೋದು ಹೇಗ್ರೀ?’

ಪಿಡಿಒ ಅನುಭವಸ್ಥರು. ‘ಮೆಂಬ್ರೇನಿಗೇ ರಿಬ್ಬನ್ ಕಟ್ಟಿಸ್ತೀನಿ ಸಾರ್. ಅಜ್ಜಿಗೂ ಹೇಳಿಟ್ಟಿದೀನಿ, ನಗೋದು ಪ್ರಾಕ್ಟೀಸ್ ಮಾಡ್ತಿದ್ದಾರೆ.’