ಬಾಗಿಲು ತೆರೆದದ್ದು ನಿಜ, ಮುಚ್ಚಿದ್ದೂ ನಿಜ

ಯುದ್ಧಗಳೇ ಹೆಣ್ಣುಮಕ್ಕಳಿಗೆ ಹೊರಗಿನ ಕೆಲಸದ ಬಾಗಿಲು ತೆರೆದವು ಎಂದು ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಅದು ಮತ್ತೆ ಮುಚ್ಚಿದ್ದನ್ನು ನೀವು ಹೇಳಲೇ ಇಲ್ಲ. 'ಅವಕಾಶ ಕೊಟ್ಟರು' ಅನ್ನೋದಕ್ಕಿಂತ ಬೇಕಾದಾಗ ಕರೆದರು ಅಂದರೆ ಸರಿಯೇನೋ.

ಮೊದಲ ಮಹಾಯುದ್ಧದ ಬ್ರಿಟನ್ನನ್ನೇ ನೋಡಿ. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ದುಡಿದರು. ಶೆಲ್‌ಗಳಿಗೆ (ಫಿರಂಗಿ ಗುಂಡುಗಳಿಗೆ) ಟಿಎನ್‌ಟಿ ಅನ್ನೋ ಸ್ಫೋಟಕದ ಪುಡಿ ತುಂಬಿ ತುಂಬಿ ಅವರ ಮೈ ಹಳದಿಯಾಗುತ್ತಿತ್ತು, ಕೂದಲ ಬಣ್ಣವೂ ಬದಲಾಗುತ್ತಿತ್ತು. ಜನ ಅವರನ್ನು ಕ್ಯಾನರಿ ಅನ್ನೋ ಹಳದಿ ಹಕ್ಕಿಗೆ ಹೋಲಿಸಿ 'ಕ್ಯಾನರಿ ಹುಡುಗಿಯರು' ಅಂತ ಕರೆದರು. ಕೇಳೋಕೆ ಮುದ್ದಾಗಿದೆ, ಅಲ್ವಾ? ಆದರೆ ಅದೇ ಪುಡಿಯ ವಿಷ ಲಿವರ್‌ಗೆ ಹತ್ತಿ ಕೆಲವರು ಸತ್ತೇ ಹೋದರು. ಸಂಬಳ ಮಾತ್ರ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ. ಯುದ್ಧ ಮುಗಿದು ಸೈನಿಕರು ವಾಪಸ್ ಬಂದದ್ದೇ ತಡ, 1919ರಲ್ಲಿ ಆ ಕೆಲಸಗಳು ಮತ್ತೆ ಗಂಡಸರಿಗೇ ಹೋಗುವಂತೆ ಯುದ್ಧಕ್ಕೆ ಮುಂಚಿನ ಪದ್ಧತಿಯನ್ನೇ ಮರಳಿ ತರೋಕೆ ಕಾನೂನು ಬಂತು. 1918ರಲ್ಲಿ ಓಟಿನ ಹಕ್ಕು ಸಿಕ್ಕಿತು, ಸರಿ. ಅದೂ 30 ತುಂಬಿದವರಿಗೆ, ಆಸ್ತಿಯ ಷರತ್ತಿನ ಜೊತೆ. ಶೆಲ್ ತುಂಬಿದ ಎಷ್ಟೋ ಹುಡುಗಿಯರಿಗೆ ಆಗ ಇನ್ನೂ ಇಪ್ಪತ್ತು ಚಿಲ್ಲರೆ ವಯಸ್ಸು! ಗಂಡಸರಂತೆ 21ಕ್ಕೇ ಓಟು ಸಿಕ್ಕಿದ್ದು 1928ರಲ್ಲಿ.

ಎರಡನೇ ಮಹಾಯುದ್ಧದ ಸೋವಿಯತ್ ಮಹಿಳಾ ಪೈಲಟ್‌ಗಳ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಇನ್ನಷ್ಟು ಬೇಕಿತ್ತು. 1942ರಲ್ಲಿ ಯುದ್ಧಕ್ಕಿಳಿದ 588ನೇ ರಾತ್ರಿ ಬಾಂಬರ್ ರೆಜಿಮೆಂಟಿನಲ್ಲಿ ಪೈಲಟ್‌ನಿಂದ ಮೆಕ್ಯಾನಿಕ್‌ವರೆಗೆ ಹೆಂಗಸರೇ. ಮರ, ಬಟ್ಟೆಯಿಂದ ಮಾಡಿದ ಹಳೇ ತರಬೇತಿ ವಿಮಾನಗಳು. ಗುರಿ ಹತ್ತಿರವಾದಾಗ ಎಂಜಿನ್ ಸದ್ದಡಗಿಸಿ, ಗಾಳಿಯಲ್ಲಿ ತೇಲಿಕೊಂಡು ಬಂದು ಬಾಂಬ್ ಹಾಕುತ್ತಿದ್ದರು. ಶುರುವಿನಲ್ಲಿ ಅವರಿಗೆ ಕೊಟ್ಟದ್ದು ಗಂಡಸರ ಸೈಜಿನ ಬೂಟು. ಒಳಗೆ ಬಟ್ಟೆ ತುರುಕಿಕೊಂಡೇ ಓಡಾಡಿದರು.