ನಾಡ್ ಆಫ್ ಅಂದರೆ ಬರೀ ನಿದ್ದೆ ಅಲ್ಲ

ಮೊನ್ನೆ ತಂಗಿಯ ಮಗಳು ಇಂಗ್ಲಿಷ್ ನೋಟ್ಸ್ ಹಿಡಿದು ಬಂದಳು. ‘ದೊಡ್ಡಮ್ಮ, ನಾಡ್ ಆಫ್ ಅಂದ್ರೆ ನಿದ್ದೆ ಮಾಡು ಅಂತ ಬರೆಸಿದ್ದಾರೆ. ಹಾಗಾದ್ರೆ ದಿನಾ ರಾತ್ರಿ 8 ಗಂಟೆ ನಾಡ್ ಆಫ್ ಮಾಡ್ತೀನಿ ಅನ್ನಬಹುದಾ?’

ಅನ್ನಬಾರದು. ಆದರೆ ತಪ್ಪು ಅವಳದಲ್ಲ. ಬರೆಸಿದ ಅರ್ಥವೇ ಅರ್ಧ.

ನಾಡ್ ಅಂದರೆ ತಲೆ ಆಡಿಸುವುದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರ ತಲೆ ಮೆಲ್ಲಗೆ ಎದೆಗೆ ವಾಲುತ್ತದೆ. ಥಟ್ಟನೆ ಎತ್ತುತ್ತಾರೆ, ಮತ್ತೆ ವಾಲುತ್ತದೆ. ಇದಕ್ಕೆ ನಮ್ಮಲ್ಲಿ ಎಂಥ ಒಳ್ಳೆ ಪದ ಇದೆ: ತೂಕಡಿಸು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಅಂತ ಗಾದೆಯೇ ಇದೆ. ಅದನ್ನು ಬಿಟ್ಟು ‘ನಿದ್ದೆ ಮಾಡು’ ಅಂತ ಯಾಕೆ ಬರೆಸಬೇಕು?

‘ಐ ವಾಸ್ ನಾಡಿಂಗ್ ಆಫ್’ ಅಂದರೆ ತೂಕಡಿಸುತ್ತಿದ್ದೆ. ‘ಐ ನಾಡೆಡ್ ಆಫ್’ ಅಂದರೆ ಇನ್ನೊಂದು ಹೆಜ್ಜೆ ಮುಂದೆ: ಕೂತಲ್ಲೇ ನಿದ್ದೆ ಹತ್ತಿಬಿಡ್ತು. ಬೇಕು ಅಂತ ಮಲಗಿದ್ದಲ್ಲ, ತಾನಾಗಿ ಆದದ್ದು. ಆ ‘ಬಿಡ್ತು’ ಇದೆಯಲ್ಲ, ಇಲ್ಲಿ ‘ಆಫ್’ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಮಗೆ ನಿದ್ದೆ ಬರುತ್ತದೆ, ನಿದ್ದೆ ಹತ್ತುತ್ತದೆ. ಬರುವುದು, ಹತ್ತುವುದು ನಿದ್ದೆ. ಇಂಗ್ಲಿಷಿನಲ್ಲಿ ಅದು ‘ಐ’ ಮಾಡುವ ಕೆಲಸ. ಅದಕ್ಕೇ ನಮ್ಮ ಮಕ್ಕಳ ಬಾಯಲ್ಲಿ ‘ಸ್ಲೀಪ್ ಈಸ್ ಕಮಿಂಗ್’ ಬರುವುದು. ದಡ್ಡತನದಿಂದ ಅಲ್ಲ, ಕನ್ನಡದಲ್ಲಿ ಯೋಚಿಸಿದ್ದರಿಂದ.

‘ಐ ಸ್ಲೆಪ್ಟ್ ಆಫ್’ ಕೂಡ ಹಾಗೇ ಹುಟ್ಟಿರಬೇಕು ಅನ್ನಿಸುತ್ತದೆ. ನಾನು ಕೆಲಸಕ್ಕಿದ್ದಾಗ ಒಮ್ಮೆ ಲಂಡನ್ನಿನ ಸಹೋದ್ಯೋಗಿಗೆ ‘ಸಾರಿ, ಐ ಸ್ಲೆಪ್ಟ್ ಆಫ್’ ಅಂತ ಮೆಸೇಜ್ ಕಳಿಸಿದ್ದೆ. ‘ಸ್ಲೆಪ್ಟ್ ಆಫ್ ವಾಟ್?’ ಅಂತ ಉತ್ತರ ಬಂತು. ಆಕೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಲ್ಲಿ ಸ್ಲೀಪ್ ಆಫ್ ಅಂದರೆ ಕುಡಿದ ಅಮಲನ್ನೋ ಹೊಟ್ಟೆ ಬಿರಿಯುವ ಊಟದ ಭಾರವನ್ನೋ ಮಲಗಿ ಕಳೆಯುವುದು. ಯಾವುದನ್ನು ಅಂತ ಹೇಳಲೇಬೇಕು. ನಾನು ಹೇಳಬಯಸಿದ್ದು ‘ಮಲಗಿಬಿಟ್ಟೆ’ ಅಂತ ಅಷ್ಟೆ. ಭಾರತದಲ್ಲಿ ಎಷ್ಟೋ ಜನ ಹೀಗೇ ಹೇಳುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮ ನಡುವೆ ಅದನ್ನು ತಪ್ಪು ಅಂತ ಹಂಗಿಸಬೇಕಾಗಿಲ್ಲ. ಹೊರಗಿನವರ ಜೊತೆ ಮಾತ್ರ ‘ನಾಡೆಡ್ ಆಫ್’, ‘ಡೋಜ್ಡ್ ಆಫ್’ ಅನ್ನೋಣ. ‘ಡ್ರಾಪ್ಡ್ ಆಫ್’ ಕೂಡ ನಡೆಯುತ್ತದೆ. ಆದರೆ ಮಗುವನ್ನು ಶಾಲೆಗೆ ಬಿಟ್ಟು ಬರುವುದಕ್ಕೂ ಅದೇ ಮಾತು, ಸ್ವಲ್ಪ ಜೋಪಾನ.

ಇವೆಲ್ಲ ಸಲಿಗೆಯ ಮಾತುಗಳು. ಆಫೀಸಿನ ವರದಿಯಲ್ಲಿ ‘ಫೆಲ್ ಅಸ್ಲೀಪ್’ ಅಂತಲೇ ಬರೆಯಬೇಕು. ಇನ್ನು, ಮಗುವನ್ನು ‘ನಾಡ್ ಆಫ್’ ಮಾಡಿಸಲು ಬರುವುದಿಲ್ಲ. ತೂಕಡಿಕೆ ಅವರವರದೇ ಅಲ್ವಾ?

ಇಷ್ಟು ಹೇಳಿ, ನೀನೇ ಒಂದು ವಾಕ್ಯ ಬರಿ ಅಂದೆ. ಅವಳು ಜಗಲಿ ಕಡೆ ನೋಡಿ ಬರೆದಳು: ‘ಪೇಪರ್ ಓದುತ್ತಾ ಓದುತ್ತಾ ತಾತ ನಾಡೆಡ್ ಆಫ್.’ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಆ ಪದ ಮಾತ್ರ ಸರಿಯಾದ ಜಾಗದಲ್ಲೇ ಕೂತಿತ್ತು.